ಲಿಬ್ರೆಆಫೀಸ್: ಕಡತ ನಮ್ಮ ಕೈಯಲ್ಲೇ ಉಳಿಯಬೇಕೆನ್ನುವವರಿಗೆ

ಪತ್ರ, ಲೆಕ್ಕಪಟ್ಟಿ ತಯಾರಿಸುವ ಲಿಬ್ರೆಆಫೀಸ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಆದರೆ ಶಿಫಾರಸು ಮಾಡುತ್ತಿರುವುದು ಅದಕ್ಕಲ್ಲ. ಅಗ್ಗಕ್ಕೆ ಕೊಟ್ಟು ರೂಢಿ ಮಾಡಿಸಿ ಆಮೇಲೆ ದರ ಏರಿಸುವ ಕಂಪನಿಯ ಬಳಿ ನಮ್ಮ ಹಳೆಯ ಕಡತಗಳೇ ಒತ್ತೆಯಾಗಿರುತ್ತವೆ. ಲಿಬ್ರೆಆಫೀಸ್ ಹಾಗಲ್ಲ: ಅದು ಕಡತ ಉಳಿಸುವ ಓಡಿಎಫ್ ಮಾದರಿ 2006ರಿಂದಲೇ ಅಂತರರಾಷ್ಟ್ರೀಯ ಐಎಸ್‌ಒ ಮಾನಕ (26300). ಈ ಮಾದರಿಯ ಒಂದು ಬರಹದ ಕಡತದ (ಓಡಿಟಿ) ಪ್ರತಿ ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿ ನೋಡಿ: ಒಳಗಿನ ಎಕ್ಸ್‌ಎಂಎಲ್‌ನಲ್ಲಿ, ಟ್ಯಾಗ್ ಎಂಬ ಗುರುತುಗಳ ನಡುವೆ, ನೀವು ಬರೆದದ್ದೆಲ್ಲ ಹಾಗೇ ಕಾಣುತ್ತದೆ. ಯಾರು ಬೇಕಾದರೂ ಇದನ್ನು ಓದುವ ತಂತ್ರಾಂಶ ಬರೆಯಬಹುದು.

ತೊಡಕು ಬರುವುದು ವರ್ಡ್‌ನ ಡಾಕ್ಸ್ ಕಡತ ತೆರೆದಾಗ. ಅದರಲ್ಲಿ ಬಳಸಿದ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಸಾಲುಗಳು ಸರಿದು ಪುಟ ಹೆಚ್ಚಬಹುದು. ಕ್ಯಾಲಿಬ್ರಿ ಫಾಂಟ್ ಬದಲಿಗೆ ಅದೇ ಅಳತೆಯ ಕಾರ್ಲಿಟೊ ಇದ್ದರೆ ಬಹುಪಾಲು ಸರಿಹೋಗುತ್ತದೆ. ಎಕ್ಸೆಲ್ ಮ್ಯಾಕ್ರೊಗಳನ್ನು (ಕೆಲಸ ತಾನಾಗಿ ಮಾಡಿಸುವ ಆದೇಶಗಳನ್ನು) ಮಾತ್ರ ನೆಚ್ಚಿಕೊಳ್ಳಬೇಡಿ, ಕೆಲವು ಓಡುತ್ತವೆ, ಕೆಲವನ್ನು ಹೊಸದಾಗಿ ಬರೆಯಬೇಕು.