ಬೀಡ್ ಚೆಂದ ಬಂತು ಅಂತ ನಂಬಬೇಡಿ: ಇಎನ್8 ಶಾಫ್ಟ್‌ಗೆ ಎಂಎಸ್ ವೆಲ್ಡ್ ಮಾಡಿ ಕೆಟ್ಟ ಕಥೆ

50 ಎಂಎಂ ಶಾಫ್ಟ್‌ಗೆ 12 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್, ಕಾರ್ಬನ್ ಕಡಿಮೆ ಇರುವ ಮಾಮೂಲಿ ಉಕ್ಕು) ಪ್ಲೇಟ್ ಕೂರಿಸಿ ಸುತ್ತಲೂ ವೆಲ್ಡ್ ಹೊಡೆಯುವ ಕೆಲಸ. ಶಾಫ್ಟ್ ಇಎನ್8, ಅಂದರೆ ಎಂಎಸ್‌ಗಿಂತ ಕಾರ್ಬನ್ ಜಾಸ್ತಿ ಇರುವ ಸ್ಟೀಲ್, ಅಂತ ಗೊತ್ತಿತ್ತು. ಗೊತ್ತಿದ್ದೂ, ಕಬ್ಬಿಣಕ್ಕೆ ಕಬ್ಬಿಣ ತಾನೇ ಅಂದುಕೊಂಡು ಕೈಗೆ ಸಿಕ್ಕ 6013 (ಎಂಎಸ್‌ಗೆ ಬಳಸುವ ಮಾಮೂಲಿ ವೆಲ್ಡಿಂಗ್ ರಾಡ್) ರಾಡನ್ನೇ ಹೋಲ್ಡರ್‌ಗೆ ಸಿಕ್ಕಿಸಿದೆ. ಆ ಪ್ಯಾಕೆಟ್ ಒಡೆದು ಎಷ್ಟು ದಿನವಾಗಿತ್ತೋ!

110 ಆಂಪ್‌ನಲ್ಲಿ ಶುರು ಮಾಡಿದೆ. ಶಾಫ್ಟ್ ಕಡೆ ಸರಿಯಾಗಿ ಹಿಡಿಯುತ್ತಿಲ್ಲ ಅನ್ನಿಸಿ 140ಕ್ಕೆ ಏರಿಸಿದೆ. ಬೀಡ್, ಅಂದರೆ ಕರಗಿ ಗಟ್ಟಿಯಾದ ವೆಲ್ಡ್ ಪಟ್ಟಿ, ಬೆಣ್ಣೆ ಸವರಿದ ಹಾಗೆ ಬಂತು. ಮೇಲಿನ ಸ್ಲ್ಯಾಗ್ ಪದರ ತಾನಾಗಿಯೇ ಎದ್ದಿತು. ಖುಷಿಗೆ ಫೋಟೋ ಬೇರೆ ತೆಗೆದೆ.

ಮರುದಿನ ಬೆಳಿಗ್ಗೆ ನೋಡಿದರೆ ಬೀಡ್‌ನ ಅಂಚಿನಲ್ಲಿ, ಶಾಫ್ಟ್ ಕಡೆಗೆ, ಕೂದಲಿನಂಥ ಗೆರೆ. ಉಗುರಿಗೂ ತಾಗುತ್ತಿರಲಿಲ್ಲ. ಸುಮ್ನೆ ಗೀರು ಇರಬೇಕು ಅಂತ ವೈರ್ ಬ್ರಷ್‌ನಲ್ಲಿ ಉಜ್ಜಿದೆ, ಹೋಗಲಿಲ್ಲ. ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ, ಡೈ ಪೆನಿಟ್ರೆಂಟ್ ಹೊಡೆದು, ಕಾದು, ಒರೆಸಿ, ಆ ಬಣ್ಣವನ್ನು ಹೊರಗೆಳೆಯುವ ಡೆವಲಪರ್ ಹಾಕಿದೆ. ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಮೆಲ್ಲಗೆ ಮೂಡಿ, ಶಾಫ್ಟ್‌ನ ಕಾಲು ಸುತ್ತಿಗೆ ಹರಡಿತು.

ಇಎನ್8ನಲ್ಲಿ ಕಾರ್ಬನ್ ಸುಮಾರು ಶೇ. 0.4. ದಪ್ಪ, ತಣ್ಣನೆ ಶಾಫ್ಟ್ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ. ಆಗ ಬೀಡ್ ಪಕ್ಕದ ಜಾಗ, ಕಾಯಿಸಿ ನೀರಿಗೆ ಅದ್ದಿದ ಉಳಿಯ ಹಾಗೆ, ಗಡುಸಾಗುತ್ತದೆ. ರಾಡ್‌ನ ಲೇಪನದಿಂದ, ಅದು ಹೀರಿದ ತೇವದಿಂದ ಬಂದ ಹೈಡ್ರೋಜನ್ ಅಲ್ಲಿ ಸೇರಿಕೊಂಡು ಗಂಟೆಗಟ್ಟಲೆ ಬಿಟ್ಟು ಸೀಳುತ್ತದೆ. ಸಂಜೆ ಏನೂ ಕಾಣದಿದ್ದದ್ದು ಅದಕ್ಕೇ. ನಾನು ಆಂಪ್ ಏರಿಸಿದ್ದರಿಂದ ಆದದ್ದು ಇಷ್ಟೇ: ಶಾಫ್ಟ್ ಜಾಸ್ತಿ ಕರಗಿ, ಅದರ ಕಾರ್ಬನ್ ಬೀಡ್‌ಗೂ ಸೇರಿತು. ಪ್ರೀಹೀಟ್ ಮಾಡಬೇಕಾದ (ವೆಲ್ಡ್‌ಗೆ ಮೊದಲೇ ಶಾಫ್ಟ್ ಕಾಯಿಸಬೇಕಾದ) ಕಡೆ ನಾಬ್ ತಿರುಗಿಸುತ್ತಾ ಕೂತಿದ್ದೆ.

ವೆಲ್ಡ್ ಪೂರ್ತಿ ಗ್ರೈಂಡ್ ಮಾಡಿ ತೆಗೆದೆ. ಬಿರುಕಿನ ಮೇಲೇ ಇನ್ನೊಂದು ಪಾಸ್ ಎಳೆಯೋಣ ಅಂತ ಆಸೆ ಆಗುತ್ತೆ, ಅಲ್ವಾ? ಬೇಡ, ಒಳಗಿನ ಬಿರುಕು ಮತ್ತೆ ಮೇಲೆ ಬರುತ್ತದೆ. ಶಾಫ್ಟನ್ನು ಟಾರ್ಚ್‌ನಲ್ಲಿ ಸುಮಾರು 200 ಡಿಗ್ರಿಗೆ ಕಾಯಿಸಿ, ಟೆಂಪರೇಚರ್ ಚಾಕ್‌ನಲ್ಲಿ ನೋಡಿಕೊಂಡೆ. ಓವನ್‌ನಲ್ಲಿ 350 ಡಿಗ್ರಿಗೆ ಒಂದು ಗಂಟೆ ಬೇಯಿಸಿದ 3.15 ಎಂಎಂ 7018 (ಹೈಡ್ರೋಜನ್ ಕಡಿಮೆ ಬಿಡುವ) ರಾಡ್, ಡಿಸಿ, ಹೋಲ್ಡರ್ ಪಾಸಿಟಿವ್‌ಗೆ, 115 ಆಂಪ್, ಆರ್ಕ್ ಗಿಡ್ಡ. ಮುಗಿದ ಮೇಲೆ, ನಿಧಾನಕ್ಕೆ ತಣಿಯಲಿ ಅಂತ, ಒಣ ಸುಣ್ಣದ ಪುಡಿಯಲ್ಲಿ ಹೂತಿಟ್ಟೆ. ಎರಡು ದಿನ ಬಿಟ್ಟು ಡೈ ಹಾಕಿದಾಗ ಗೆರೆ ಬರಲಿಲ್ಲ.

ಶಾಫ್ಟ್ ಯಾವ ಸ್ಟೀಲ್ ಅಂತ ಗೊತ್ತಿಲ್ಲದಿದ್ದರೆ ಮೊದಲು ಗ್ರೈಂಡರ್ ತಾಗಿಸಿ. ಪಕ್ಕದಲ್ಲೇ ಒಂದು ಎಂಎಸ್ ತುಂಡನ್ನೂ ಉಜ್ಜಿ ಹೋಲಿಸಿ. ಎಂಎಸ್ ಕಿಡಿ ಉದ್ದಕ್ಕೆ ನೇರ ಹೋಗುತ್ತದೆ. ಕಾರ್ಬನ್ ಜಾಸ್ತಿ ಇದ್ದರೆ ತುದಿಯಲ್ಲಿ ಕವಲೊಡೆದು ಸುರುಸುರುಬತ್ತಿ ಹಾಗೆ ಸಿಡಿಯುತ್ತದೆ.