ಇರುವ ಆಸ್ತಿಗಿಂತ ಅಗ್ಗದ ಷೇರು: ಮೂರು ಬಗೆ

ನಿವ್ವಳ ನಗದು (ಸಾಲ, ಹೊಣೆ ಕಳೆದು ಉಳಿದ ನಗದಿಗಿಂತ ಕಂಪನಿಯ ಬೆಲೆಯೇ ಕಡಿಮೆ), ನೆಟ್-ನೆಟ್, ಹೋಲ್ಡಿಂಗ್ ಕಂಪನಿ: ಈ ಮೂರು ಬಗೆಯ ಷೇರನ್ನೂ ಕೊಂಡು ನೋಡಿದ ಮೇಲೆ ಹೇಳುವುದಾದರೆ, ಸಿಗುವುದು ಅಪರೂಪವಾದರೂ ನಿವ್ವಳ ನಗದಿನ ಷೇರೇ ವಾಸಿ. ಲೆಕ್ಕ ಮಾತ್ರ ಸ್ಕ್ರೀನರ್ (ಷೇರು ಸೋಸಿ ಕೊಡುವ ತಾಣ) ತೋರಿಸಿದಷ್ಟು ಸಲೀಸಲ್ಲ.

ಬೆಂಗಳೂರಿನ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ಅಂದುಕೊಳ್ಳಿ. ಮಾರುಕಟ್ಟೆ ಮೌಲ್ಯ, ಅಂದರೆ ಎಲ್ಲ ಷೇರುಗಳ ಒಟ್ಟು ಬೆಲೆ, 60 ಕೋಟಿ. ನಗದು, ಎಫ್‌ಡಿ, ಲಿಕ್ವಿಡ್ ಫಂಡ್ (ಬೇಗ ಹಿಂಪಡೆಯಬಹುದಾದ ಮ್ಯೂಚುವಲ್ ಫಂಡ್) ಸೇರಿ 95 ಕೋಟಿ. ಅದರಲ್ಲಿ ಸಾಲ 10, ಔಟರ್ ರಿಂಗ್ ರೋಡ್ ಕಚೇರಿಯ ಲೀಸ್ ಹೊಣೆ 8, ಬ್ಯಾಂಕ್ ಗ್ಯಾರಂಟಿಗೆ ಒತ್ತೆಯಿಟ್ಟ ಎಫ್‌ಡಿ 7 ಕಳೆಯಿರಿ. ಉಳಿದದ್ದು 70. ಶೇ 37ರಷ್ಟು ಅಗ್ಗ ಎನಿಸಿದ್ದು ಶೇ 14ಕ್ಕೆ ಇಳಿಯಿತು. ಒತ್ತೆಯ ವಿವರ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಅಡಗಿರುತ್ತದೆ.

ಆಮೇಲೆ ಬಡ್ಡಿ ನೋಡಿ. 95 ಕೋಟಿ ವರ್ಷವಿಡೀ ಇದ್ದರೆ ಶೇ 6ರಂತೆ 5.7 ಕೋಟಿ ಬರಬೇಕು. ಫಂಡಿನ ಲಾಭ ಬೇರೆ ಸಾಲಿನಲ್ಲಿರುತ್ತದೆ, ಅದನ್ನೂ ಕೂಡಿಸಿ. ಆದರೂ 2 ಕೋಟಿ ದಾಟದಿದ್ದರೆ ಆ ಹಣ ಲೆಕ್ಕ ಮುಗಿಸುವ ಮಾರ್ಚ್ 31ಕ್ಕಷ್ಟೇ ಬಂದುಹೋದ ನೆಂಟನಿರಬಹುದು, ಇಲ್ಲವೇ ಹಣವೇ ಇಲ್ಲದಿರಲೂಬಹುದು. 2009ರ ಜನವರಿಯಲ್ಲಿ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಒಪ್ಪಿಕೊಂಡ ಸುಳ್ಳು ನಗದು 5,040 ಕೋಟಿ. ಬಿಲ್ಡರ್ ಕಂಪನಿಗಳನ್ನಂತೂ ಈ ಪಟ್ಟಿಗೇ ಸೇರಿಸಬೇಡಿ: ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಪ್ರಕಾರ ಫ್ಲ್ಯಾಟ್ ಕೊಂಡವರ ಹಣದಲ್ಲಿ ಶೇ 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇರಬೇಕು.

ಹೂಡಿಕೆ ಲೇಖಕ ಬೆಂಜಮಿನ್ ಗ್ರಹಾಂ ಹೇಳಿದ ನೆಟ್-ನೆಟ್‌ನಲ್ಲಿ ಚಾಲ್ತಿ ಆಸ್ತಿಯಿಂದ (ನಗದು, ಸರಕು, ಗಿರಾಕಿಗಳ ಬಾಕಿ) ಎಲ್ಲ ಹೊಣೆಗಳನ್ನೂ ಕಳೆದು, ಉಳಿದದ್ದರ ಮೂರನೇ ಎರಡು ಭಾಗಕ್ಕಿಂತ ಕಡಿಮೆ ಬೆಲೆಗೆ ಕೊಳ್ಳುವುದು. ಷೇರುಗಳು ಹೆಚ್ಚು ಸಿಗುತ್ತವೆ, ತೊಡಕೂ ಹೆಚ್ಚು. ಪೀಣ್ಯದ ಗೋದಾಮಿನಲ್ಲಿ ತುಕ್ಕು ಹಿಡಿದ ಬಿಡಿಭಾಗವೂ ಕಾಗದದ ಮೇಲೆ ಆಸ್ತಿಯೇ. ಸರಕಿಗೆ ಅರ್ಧ, ಗಿರಾಕಿಗಳ ಬಾಕಿಗೆ ಮುಕ್ಕಾಲು ಬೆಲೆ ಕಟ್ಟಿ. ಆರು ತಿಂಗಳು ಮೀರಿದ ಬಾಕಿಗೆ ಸೊನ್ನೆ.

ಬೇರೆ ಕಂಪನಿಗಳ ಷೇರು ಇಟ್ಟುಕೊಂಡಿರುವ ಹೋಲ್ಡಿಂಗ್ ಕಂಪನಿಗಳಲ್ಲಿ ರಿಯಾಯಿತಿ ಕಣ್ಣು ಕುಕ್ಕುತ್ತದೆ, ಆದರೆ ಪ್ರವರ್ತಕರು (ಒಡೆತನ ಹಿಡಿದವರು) ಸಾಮಾನ್ಯವಾಗಿ ಒಳಗಿನ ಷೇರು ಮಾರುವುದಿಲ್ಲ. ಇಂಥದ್ದೇ ಕಂಪನಿ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್‌ನ ಷೇರು 2024ರ ಅಕ್ಟೋಬರ್ 29ರಂದು 3.53 ರೂಪಾಯಿಯಿಂದ 2,36,250ಕ್ಕೆ ಹಾರಿದ್ದು ನಿಜ. ಅದಕ್ಕೆ ಬೆಲೆ ಶೋಧನೆಯ ವಿಶೇಷ ಹರಾಜೇ ಬೇಕಾಯಿತು. 3.53ಕ್ಕೆ ಮಾರುವವರು ಎಲ್ಲಿದ್ದರು ಅನ್ನುವುದು ಬೇರೆ ಮಾತು.

ಯಾವುದನ್ನೇ ಕೊಂಡರೂ ಐದು ವರ್ಷದ ಡಿವಿಡೆಂಡ್, ಬೈಬ್ಯಾಕ್ (ಕಂಪನಿಯೇ ತನ್ನ ಷೇರು ಮರಳಿ ಕೊಳ್ಳುವುದು) ನೋಡಿ. ಒಮ್ಮೆಯೂ ಬಿಚ್ಚದ ಗಂಟು ನಿಮಗಾಗಿ ಬಿಚ್ಚುವ ಸಂಭವ ಕಡಿಮೆ. ನೀವೇ ಬೆಲೆ ಗೊತ್ತುಮಾಡುವ ಲಿಮಿಟ್ ಆರ್ಡರ್ ಮಾತ್ರ ಹಾಕಿ. ಲೋವರ್ ಸರ್ಕ್ಯೂಟ್ (ಬೆಲೆ ದಿನದ ಕೆಳಮಿತಿ ಮುಟ್ಟುವುದು) ಬಿದ್ದ ದಿನ ಇಂಥ ಷೇರಿಗೆ ಕೊಳ್ಳುವವರೇ ಇರುವುದಿಲ್ಲ.