ಕೇಳಿ ಬರೆಯುವ ಮಕ್ಕಳು: ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲಿಂಗ್ ಬೀ

ನುಡಿದಂತೆ ಬರೆಯುವ ಲಿಪಿಯಲ್ಲಿ ಅಕ್ಷರ ಕಲಿತ ನಮಗೆ, ಪದದ ಕಾಗುಣಿತವನ್ನು ಹೇಳುವುದೇ ಒಂದು ರಾಷ್ಟ್ರಮಟ್ಟದ ಸ್ಪರ್ಧೆಯೆಂದರೆ ಮೊದಲಿಗೆ ನಂಬಿಕೆಯೇ ಬರುವುದಿಲ್ಲ. ಅಮೆರಿಕದ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲಿಂಗ್ ಬೀ 1925ರಲ್ಲಿ ಒಂಬತ್ತು ಮಕ್ಕಳೊಂದಿಗೆ ಆರಂಭವಾಯಿತು. ನೂರು ವರ್ಷ ತುಂಬಿದ 2025ರಲ್ಲಿ ಸ್ಪರ್ಧಿಸಿದವರು 243 ಮಕ್ಕಳು. ಎಂಟನೆಯ ತರಗತಿ ದಾಟಿದವರಿಗೆ ಪ್ರವೇಶವಿಲ್ಲ. ಇದು ಬಾಯಿಪಾಠದ ಪ್ರದರ್ಶನವೆಂದು ದೂರುವವರಿದ್ದಾರೆ. ಅಂತಿಮ ಸುತ್ತುಗಳನ್ನು ಗಮನವಿಟ್ಟು ನೋಡಿದ ನನಗೆ ಆ ಮಾತು ಸರಿಯೆನಿಸುವುದಿಲ್ಲ.

ಪದವನ್ನು ಉಚ್ಚರಿಸಿ ಹೇಳುವವರು ಜಾಕ್ ಬೈಲಿ, 1980ರಲ್ಲಿ ಇದೇ ಸ್ಪರ್ಧೆಯನ್ನು ಗೆದ್ದವರು. ಪದ ಕಿವಿಗೆ ಬಿದ್ದ ಮೇಲೆ ಮಗು ಅದರ ಅರ್ಥ, ಮೂಲಭಾಷೆ, ವ್ಯಾಕರಣದ ವರ್ಗ, ಬೇರೆ ಉಚ್ಚಾರಣೆ, ಒಂದು ಉದಾಹರಣೆ ವಾಕ್ಯ ಇವೆಲ್ಲವನ್ನೂ ಕೇಳಬಹುದು. ಇಂಗ್ಲಿಷಿನಲ್ಲಿ ಒತ್ತಿಲ್ಲದ ಮಸುಕು ಸ್ವರವೊಂದಿದೆ. ಅದನ್ನು ಎ, ಇ, ಐ, ಓ, ಯು ಯಾವುದರಿಂದಲಾದರೂ ಬರೆದಿರಬಹುದಾದ್ದರಿಂದ ಕಿವಿಯೊಂದನ್ನೇ ನಂಬಿದವರು ಅಲ್ಲಿಯೇ ಎಡವುತ್ತಾರೆ. ಪದ ಗ್ರೀಕಿನದೆಂದು ತಿಳಿದರೆ ಎಫ್ ಧ್ವನಿಗೆ ಪಿ-ಎಚ್ ಬರಬಹುದು, ಫ್ರೆಂಚಿನದಾದರೆ ಕೊನೆಯಲ್ಲಿ ಉಚ್ಚರಿಸದ ಅಕ್ಷರವೊಂದು ಅಡಗಿರಬಹುದು. ಕಾಣದ ಪದವನ್ನು ಕಟ್ಟಿಕೊಳ್ಳಲು ಮಗುವಿಗಿರುವ ದಾರಿ ಪ್ರಶ್ನೆಯೊಂದೇ.

2021ರ ಅಂತಿಮ ಪದ 'ಮರಾಯಾ', ನಮ್ಮ ಕರಿಬೇವನ್ನು ಬಹುಕಾಲ ಸೇರಿಸಿಕೊಂಡು ಬಂದ ಸಸ್ಯಕುಲದ ಹೆಸರು. ಝೈಲಾ ಅವಂತ್‌ಗಾರ್ಡ್ ಎಂಬ ಬಾಲಕಿ, ಇದರೊಳಗೆ ಹಾಸ್ಯನಟನೊಬ್ಬನಿಗೂ ಇರಬಹುದಾದ 'ಮರ್ರೆ' ಎಂಬ ಹೆಸರು ಇದೆಯೇ ಎಂದು ನಗುತ್ತಲೇ ಕೇಳಿದಳು. ನಗು ತರಿಸಿದ ಆ ಪ್ರಶ್ನೆಯಲ್ಲೇ ಎರಡು 'ಆರ್'ಗಳ ಸುಳಿವಿತ್ತು, ಅವಳು ಗೆದ್ದಳು. 2025ರಲ್ಲಿ ಫೈಜಾನ್ ಝಾಕಿಗೆ ಗೆಲುವಿನ ಹೊಸ್ತಿಲಲ್ಲಿ ಬಂದದ್ದು 'ಕಮೆಲಿನಾ', ಅದೂ ವ್ಯಕ್ತಿಯ ಹೆಸರಿನಿಂದ ಬಂದ ಸಸ್ಯಕುಲವೇ. ಆತ ಏನನ್ನೂ ಕೇಳದೆ 'ಕೆ, ಎ, ಎಂ' ಎಂದು ಶುರುಮಾಡಿ ತಟ್ಟನೆ ನಿಂತ. ತಪ್ಪು ತನಗೇ ತಿಳಿದು, ತಪ್ಪಿದವರಿಗೆ ಬಾರಿಸುವ ಗಂಟೆಯನ್ನು ಬಾರಿಸಿಬಿಡಿ ಎಂದು ತೀರ್ಪುಗಾರರಿಗೆ ತಾನೇ ಹೇಳಿದ. ಮುಂದೆ ಚೇತರಿಸಿಕೊಂಡು ಪ್ರಶಸ್ತಿ ಗೆದ್ದನೆಂಬುದು ಬೇರೆ ಮಾತು. ಆ ಒಂದು ಕ್ಷಣವನ್ನು ನೋಡುವಾಗ ನನ್ನ ಎದೆಯೂ ಧಸಕ್ಕೆಂದಿತ್ತು.

ಆದುದರಿಂದಲೇ ಸಮಬಲವಾದಾಗ ನಡೆಸುವ 'ಸ್ಪೆಲ್-ಆಫ್' ನನಗೆ ಒಪ್ಪಿಗೆಯಾಗಿಲ್ಲ. 2019ರಲ್ಲಿ ಎಂಟು ಮಕ್ಕಳು ಒಟ್ಟಿಗೆ ಗೆದ್ದ ಮೇಲೆ ಒಬ್ಬರನ್ನೇ ಆರಿಸಲು ತಂದ ನಿಯಮವಿದು: 90 ಸೆಕೆಂಡುಗಳಲ್ಲಿ ಹೆಚ್ಚು ಪದ ಹೇಳಿದವರಿಗೆ ಜಯ. 2024ರ ವಿಜೇತ ಹೀಗೆ 29 ಪದಗಳನ್ನು ಸರಿಯಾಗಿ ಹೇಳಿದ್ದು ಬೆರಗು ಹುಟ್ಟಿಸುವ ಸಾಧನೆಯೇ ಹೌದು. ಆದರೆ ಆ ವೇಗದಲ್ಲಿ ಪ್ರಶ್ನೆಗೆ ಬಿಡುವೆಲ್ಲಿ? ಕೇಳಿ ಯೋಚಿಸುವ ಮಕ್ಕಳನ್ನು ಗಂಟೆಗಟ್ಟಲೆ ತೋರಿಸಿ, ನೆನಪಿನಲ್ಲಿ ಮೊದಲೇ ಇದ್ದುದನ್ನು ಬೇಗ ಹೊರಗೆಡಹಿದವರಿಗೆ ಕಿರೀಟ ತೊಡಿಸುವುದು ಸ್ಪರ್ಧೆ ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ. ಎಂಟು ಮಂದಿ ಗೆದ್ದರೆ ಗೆಲ್ಲಲಿ ಎನ್ನುವ ಪಕ್ಷ ನನ್ನದು.

2013ರಿಂದ ಪದಗಳ ಅರ್ಥವನ್ನೂ ಪರೀಕ್ಷಿಸುತ್ತಿರುವುದು ಒಳ್ಳೆಯ ಸುಧಾರಣೆ. ಮನೆಯಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳಿದ್ದರೆ ಅವರೊಂದಿಗೆ ಕುಳಿತು, ಪೂರ್ವಭಾವಿ ಸುತ್ತುಗಳಿಂದಲೇ ನೋಡಿ. ಮಗು ಮೈಕಿನ ಮುಂದೆ ನಿಂತು ಅಂಗೈ ಮೇಲೆ ಬೆರಳಿನಿಂದ ಬರೆದುಕೊಳ್ಳುತ್ತ 'ಇದು ಯಾವ ಭಾಷೆಯ ಪದ?' ಎಂದು ಕೇಳುವ ಆ ಮೌನದ ಹೊತ್ತು ಅಲ್ಲಿ ಧಾರಾಳವಾಗಿ ಸಿಗುತ್ತದೆ.